ಹಂಪಮ್ಮ ಸಮುದ್ರಕ್ಕೆ ಇಳಿದದ್ದು

ಸಿರುಗುಪ್ಪದ ದೊಡ್ಡಬಸಪ್ಪ ಅಕ್ಕಿ ಗಿರಣಿಯ ಮಾಲೀಕ. ನಾಲ್ಕು ಜಿಲ್ಲೆಗೆ ಅಕ್ಕಿ ಕಳಿಸುವ ಈ ಮನುಷ್ಯ ತಾನು ಮಾತ್ರ ಜೋಳದ ರೊಟ್ಟಿ ಇಲ್ಲದೆ ಊಟಕ್ಕೆ ಕೂಡುತ್ತಿರಲಿಲ್ಲ. ಆ ರೊಟ್ಟಿ ಬಡಿಯುತ್ತಿದ್ದವಳು ಅವನ ಅಕ್ಕ ಹಂಪಮ್ಮ. ಕಾಲುವೆ ನೀರು ಬಂದ ಮೇಲೆ ಕುರುಗೋಡು ಬಿಟ್ಟು ಸಿರುಗುಪ್ಪಕ್ಕೆ ಬಂದು ಗಿರಣಿ ಹಾಕಿದ ದೊಡ್ಡಬಸಪ್ಪನ ಸಾಹಸವನ್ನು ಬರೆಯಲು ಬೇಕಾದಷ್ಟು ಜನ ಇದ್ದಾರೆ. ಅವನ ಪಡಸಾಲೆಯಲ್ಲಿ ಸನ್ಮಾನದ ಹಾರಗಳು ಒಣಗಿ ಮೊಳೆಗೆ ಜೋತುಬಿದ್ದಿವೆ. ಅಡುಗೆಮನೆಯ ಗೋಡೆಗೆ ಯಾರೂ ಹಾರ ಹಾಕಿಲ್ಲ. ಅದಕ್ಕೇ ಈ ಬರಹ.

ಹಂಪಮ್ಮ ಹುಟ್ಟಿದ್ದು ಕುರುಗೋಡಿನ ಬಂಡೆಗಳ ನಡುವೆ. ಅಲ್ಲಿಯ ಹುಡುಗಿಗೆ ನೀರೆಂದರೆ ಬಾವಿಯ ತಳದಲ್ಲಿ ಅಂಗೈಯಗಲ ಹೊಳೆಯುವ ವಸ್ತು. ಮದುವೆ ಮಾಡಿ ಕೊಟ್ಟದ್ದು ಬಳ್ಳಾರಿಗೆ. ಗಂಡ ಮರಿಬಸಪ್ಪ ಅರಳೆ ಮೂಟೆಯ ಲಾರಿಗಳ ಜೊತೆ ಮದ್ರಾಸಿನ ಬಂದರಿಗೆ ಹೋಗಿ ಬರುವ ಕೆಲಸದವನು. ಬಳ್ಳಾರಿಯೂ ಆಗ ಮದ್ರಾಸಿಗೇ ಸೇರಿತ್ತು. ಬಂದಾಗಲೆಲ್ಲ ಹೆಂಡತಿಗೆ ಸೀರೆ ತರದಿದ್ದರೂ ಸಮುದ್ರದ ಸುದ್ದಿ ತರುತ್ತಿದ್ದ.

"ಎಷ್ಟು ದೊಡ್ಡದ ಐತಿ?" ಎಂದು ಈಕೆ ಕೇಳುವಳು.

"ದೊಡ್ಡದು ಬಿಡು, ಅದು ಕಣ್ಣಿಗೆ ಗೊತ್ತಾಗತೈತಿ. ಕಾಲಿಗೆ ಗೊತ್ತಾಗೋದು ಬ್ಯಾರೇನೇ ಐತಿ. ಅಲೆ ಬಂದು ಹಿಂದಕ್ಕ ಹೋಗೋವಾಗ ಕಾಲಬುಡದ ಉಸುಕನ್ನ ಜಗ್ಗಿಕೊಂಡು ಹೋಗತೈತಿ. ನೀ ನಿಂತಲ್ಲೇ ನಿಂತಿರ್ತಿ, ನೆಲಾನ ಹೊಂಟುಬಿಡತೈತಿ."

"ನೆಲಾ ಎಲ್ಲಿಗೆ ಹೋಗತೈತ್ರಿ? ಕುಡದು ನಿಂತಿದ್ರೇನು?"

"ಒಮ್ಮೆ ಕರಕೊಂಡು ಹೋಗಿ ನಿಂದ್ರಸ್ತೀನಿ. ಆಮ್ಯಾಲೆ ಹೇಳು, ಯಾರು ಕುಡದಾರಂತ."

ಕರೆದುಕೊಂಡು ಹೋಗಲಿಲ್ಲ. ಒಂದು ಮಳೆಗಾಲದ ಜ್ವರ ಅವನನ್ನೇ ಕರೆದುಕೊಂಡು ಹೋಯಿತು. ಹಂಪಮ್ಮನಿಗೆ ಆಗ ಇನ್ನೂ ಚಿಕ್ಕ ವಯಸ್ಸು, ಮಕ್ಕಳಿಲ್ಲ. ತಮ್ಮನ ಮನೆಗೆ ಬಂದಳು.

ಗಂಡ ಸತ್ತವಳಿಗೆ ಉಡಿಕೆ ಮಾಡಿ ಮತ್ತೊಂದು ಮನೆಗೆ ಕಳಿಸುವ ಪದ್ಧತಿ ನಮ್ಮ ಜನರಲ್ಲಿದೆ. ಅದನ್ನು ಹೇಳಿಕೊಂಡು ಎದೆ ತಟ್ಟಿಕೊಳ್ಳುವುದೂ ಇದೆ. ಹಂಪಮ್ಮನ ವಿಷಯದಲ್ಲಿ ಮಾತ್ರ ಯಾರೂ ಬಾಯಿ ತೆರೆಯಲಿಲ್ಲ. ಅಷ್ಟು ತೆಳ್ಳಗೆ, ಅಷ್ಟು ದುಂಡಗೆ ರೊಟ್ಟಿ ಬಡಿಯುವ ಕೈಯನ್ನು ಬೇರೆ ಮನೆಗೆ ಕಳಿಸುವಷ್ಟು ದೊಡ್ಡ ಧರ್ಮ ಗಿರಣಿಯ ಮನೆಯಲ್ಲಿ ಇರಲಿಲ್ಲ. ಹಬ್ಬಕ್ಕೊಂದು ಸೀರೆ, ವರ್ಷವಿಡೀ ಒಲೆ. ಇಷ್ಟರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಳೆಯಿತು. ಸಮುದ್ರದ ಮಾತು ಅವಳು ಆಡುತ್ತಿರಲಿಲ್ಲ. ಆದರೆ ಅಂಗಳಕ್ಕೆ ನೀರು ಹಾಕಿ, ಅದು ಇಳಿಜಾರಿಗೆ ಹರಿದು ಹೋಗುವಾಗ ಬರಿಗಾಲಲ್ಲಿ ನಡುವೆ ನಿಂತುಬಿಡುತ್ತಿದ್ದಳಂತೆ. "ಏನು ಮಾಡ್ತಿ ಯಕ್ಕಾ ಅಲ್ಲಿ?" ಎಂದು ತಮ್ಮನ ಹೆಂಡತಿ ಗುರುಬಸಮ್ಮ ಕೇಳಿದರೆ, "ಏನಿಲ್ಲ, ಕಾಲು ತಂಪಾಗ್ಲಿ ಅಂತ" ಎನ್ನುವಳು.

ಎಪ್ಪತ್ತಾರರ ಮಾಘದಲ್ಲಿ ಒಂದು ಮದುವೆಯ ಕರೆ ಬಂತು. ಬಳ್ಳಾರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಾರವಾಡಿ ಸೇಠ ದೊಡ್ಡಬಸಪ್ಪನ ಗೆಳೆಯ. ಮಗಳ ಮದುವೆಯನ್ನು ತನ್ನ ಊರಲ್ಲೇ, ಬಾಡಮೇರಿನ ಮರಳುಗಾಡಿನಲ್ಲಿ ಇಟ್ಟುಕೊಂಡಿದ್ದ. "ಕಾರಿನಾಗೇ ಹೋಗೋಣು, ದೇಶಾನೂ ನೋಡಿದಂಗ ಆಗತೈತಿ" ಎಂದು ದೊಡ್ಡಬಸಪ್ಪ ಹೊರಟ. ಬರುವಾಗ ಕಚ್ಛದ ಮಾಂಡವಿಯಲ್ಲಿ, ಸೇಠನ ಸಂಬಂಧಿಕರ ಸಮುದ್ರದಂಡೆಯ ಲಾಡ್ಜಿನಲ್ಲಿ ಒಂದು ದಿನ ಆರಾಮ ಎಂದೂ ಗೊತ್ತಾಯಿತು. ಕಾರು ಓಡಿಸಲು ಬಳ್ಳಾರಿಯ ಕೌಲ್ ಬಜಾರಿನ ದಸ್ತಗೀರಸಾಬ್. ಕಾರಿನಲ್ಲಿ ಗಂಡ, ಹೆಂಡತಿ, ಕಾಲೇಜು ಓದುವ ಮಗ ಚಂದ್ರಣ್ಣ. ಇನ್ನೊಂದು ಜಾಗ ಯಾರಿಗೆ ಎಂದಾಗ ಯಾರೂ ಯೋಚಿಸಲೇ ಇಲ್ಲ. ಗುಜರಾತಿನವರು ಪಲ್ಯಕ್ಕೂ ಬೆಲ್ಲ ಹಾಕುತ್ತಾರಂತೆ, ರಾಜಸ್ಥಾನದಲ್ಲಿ ಜೋಳದ ರೊಟ್ಟಿಯ ರುಚಿ ಗೊತ್ತಿಲ್ಲವಂತೆ. ಆದ್ದರಿಂದ ಹಂಪಮ್ಮ. ಜೋಳದ ಹಿಟ್ಟಿನ ಚೀಲ, ಪಂಪ್ ಸ್ಟೌ, ಹಂಚು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹಂಪಮ್ಮ. ಸಾಮಾನಿನ ಜೊತೆ ಸಾಮಾನಾಗಿಯೇ ಅವಳನ್ನು ಹತ್ತಿಸಿದರು.

ಅವಳು ಕಾರು ಹತ್ತಿದ್ದು ಮಾತ್ರ ಸಮುದ್ರಕ್ಕಾಗಿ.

ಸೊಲ್ಲಾಪುರ, ಪುಣೆ, ಸೂರತ್ತು ದಾಟಿದರು. ಬೇಲಿಗಳು ತೆಳ್ಳಗಾದವು, ಆಮೇಲೆ ಮರಗಳು, ಆಮೇಲೆ ಮನುಷ್ಯರು. ಬಾಡಮೇರಿನ ದಾರಿಯಲ್ಲಿ ಒಂದು ತಪಾಸಣೆ ಕಟ್ಟೆ. ಪೇದೆ ಕಾರು ನಿಲ್ಲಿಸಿ ಏನೋ ಕೇಳಿದ. ದೊಡ್ಡಬಸಪ್ಪ ಕನ್ನಡದಲ್ಲಿ ಊರು, ಕುಲ, ಗಿರಣಿ ಎಲ್ಲ ಹೇಳಿದ. ಪೇದೆ ತಲೆ ಅಲ್ಲಾಡಿಸಿದ. ಬಳ್ಳಾರಿ ಸೀಮೆಯವರಿಗೆ ಇದಕ್ಕೆ ಮದ್ದು ಗೊತ್ತು. ಎದುರಿನವನಿಗೆ ಕನ್ನಡ ಬರದಿದ್ದರೆ ತೆಲುಗು. ದೊಡ್ಡಬಸಪ್ಪ ಎದೆ ಮುಂದೆ ಮಾಡಿ, "ಮೇಮು ಬಳ್ಳಾರಿ ನುಂಚಿ ವಸ್ತುನ್ನಾಮು ಅಯ್ಯಾ" ಎಂದ. ಪೇದೆ ಬಂದೂಕು ಸರಿಮಾಡಿಕೊಂಡ.

ದಸ್ತಗೀರಸಾಬ್ ಇಳಿದು ತನ್ನ ಕೌಲ್ ಬಜಾರಿನ ಉರ್ದುವಿನಲ್ಲಿ ಸಮಾಧಾನ ಮಾಡಿ ಬಂದ. "ಸಾವ್ಕಾರ್ರೇ, ಆ ಮನುಷ್ಯಾಗ ತೆಲುಗು ಎಲ್ಲಿಂದ ಬರಬೇಕ್ರಿ?"

"ಮನುಷ್ಯಾ ಅಂದ ಮ್ಯಾಲೆ ಎರಡರಾಗ ಒಂದರ ಬರಬೇಕಲ್ಲೋ!" ಎಂದ ದೊಡ್ಡಬಸಪ್ಪ, ನಿಜವಾಗಿ ಸಿಟ್ಟಾಗಿ.

ಮರಳುಗಾಡು ಕಾರನ್ನು ಎರಡು ಕಡೆ ಹಿಡಿದು ನಿಲ್ಲಿಸಿತು. ಗಾಳಿಗೆ ದಾರಿಯ ಮೇಲೆ ಉಸುಕು ಹರಡಿ, ಗಾಲಿ ಹೂತು, ಗಂಡಸರು ದಬ್ಬುವಾಗ ಹಂಪಮ್ಮ ಕಾರಿನ ಮರೆಯಲ್ಲಿ ಸ್ಟೌ ಹಚ್ಚಿ ರೊಟ್ಟಿ ಬಡಿದಳು. ಮೊದಲ ತುತ್ತಿಗೇ ತಮ್ಮ ಮುಖ ಕಿವುಚಿದ. "ಏನವ್ವಾ ಇದು, ಹಲ್ಲಾಗೆಲ್ಲ ಉಸುಕು!"

"ಉಸುಕು ಸಿಕ್ತಲ್ಲ ತಮ್ಮಾ," ಎಂದಳು ಹಂಪಮ್ಮ, "ಇನ್ನ ನೀರೊಂದು ಸಿಕ್ರ ಸಮುದ್ರ ಆತು."

ಮದುವೆ ಮುಗಿಸಿ ದಕ್ಷಿಣಕ್ಕೆ ತಿರುಗಿದಾಗ ಕಚ್ಛದ ಉಪ್ಪಿನ ಬಯಲಿನ ಅಂಚು ಸಿಕ್ಕಿತು. ಮಧ್ಯಾಹ್ನದ ಬಿಸಿಲಿಗೆ ದೂರದಲ್ಲಿ ನೀರು ತಳತಳ ಎಂದಿತು. ಹಂಪಮ್ಮ ಕಿಟಕಿಗೆ ಎರಡೂ ಕೈ ಹಾಕಿ, "ಅಗೋ! ಅಗೋ ಬಂತು! ನಿಂದ್ರಸು ದಸ್ತಗೀರಾ!" ಎಂದು ಕೂಗಿದಳು. ಇಪ್ಪತ್ತು ವರ್ಷದಲ್ಲಿ ಆ ಮನೆಯವರು ಅವಳ ಗಂಟಲು ಅಷ್ಟು ಎತ್ತರಕ್ಕೆ ಹೋದದ್ದು ಕೇಳಿರಲಿಲ್ಲ. ಚಂದ್ರಣ್ಣ ನಕ್ಕ. ದಸ್ತಗೀರಸಾಬ್ ನಗಲಿಲ್ಲ. ಕಾರಿನ ವೇಗ ಕಡಿಮೆ ಮಾಡಿ, "ಅದು ಬಿಸಿಲುಗುದುರಿ ರೀ ಹಂಪಕ್ಕಾರ. ಖರೇದ್ದು ನಾಳಿಗೈತಿ" ಎಂದ. ಆ ನೀರು ಕಾರಿನ ಜೊತೆಯಲ್ಲೇ ಓಡಿತು. ಸಂಜೆಯವರೆಗೂ ಓಡಿತು. ಸುಳ್ಳೆಂದು ಗೊತ್ತಾದ ಮೇಲೂ ಆಕೆ ಕಣ್ಣು ತೆಗೆಯಲಿಲ್ಲ.

ಮಾಂಡವಿಯ ಲಾಡ್ಜು ಹಿಂದೆ ಯಾರೋ ದೊರೆಗಳ ಬಂಗಲೆಯಂತೆ. ಮುಂದೆ ಉದ್ದನೆಯ ವರಾಂಡ, ಬೆತ್ತದ ಕುರ್ಚಿಗಳು, ಮೆಟ್ಟಿಲಿಳಿದರೆ ಮರಳು, ಮರಳಿನಾಚೆ ಸಮುದ್ರ. ಅಡುಗೆ ಮಾಡಿಕೊಳ್ಳುವವರಿಗೆ ಹಿಂದುಗಡೆ ಒಂದು ತಗಡಿನ ಚಪ್ಪರ, ಅದರ ಸುತ್ತ ಆಳೆತ್ತರದ ಗೋಡೆ. ಕಾರು ಹಿಂದಿನ ದಾರಿಯಿಂದಲೇ ಒಳಗೆ ಬಂತು. ಹಂಪಮ್ಮನಿಗೆ ಸಮುದ್ರ ಕಾಣಲಿಲ್ಲ, ಕೇಳಿಸಿತು. "ಗಿರಣಿ ನಡದಂಗ ಐತೆಲ್ಲ" ಎಂದಳಂತೆ ಗುರುಬಸಮ್ಮನಿಗೆ.

ಹಿಟ್ಟಿನ ಚೀಲ ಬಿಚ್ಚುವ ಮೊದಲೇ ಅವಳು ಕೇಳಿದಳು. ಕೇಳುವ ಅಭ್ಯಾಸ ಇಲ್ಲದವಳು ನೆಲ ನೋಡುತ್ತಲೇ ಕೇಳಿದಳು. "ತಮ್ಮಾ, ಒಂದೀಟು ಕಾಲು ತೋಯಿಸಿಕೊಂಡು ಬರ್ತೀನಿ."

"ಮದಲ ರೊಟ್ಟಿ ಆಗ್ಲಿ ಯಕ್ಕಾ, ಹೊಟ್ಟಿ ಹಸದೈತಿ. ನಾ ಜಳಕಾ ಮಾಡಿ ಲಿಂಗಪೂಜಿ ಮುಗಿಸಿ ಬರೂದ್ರೊಳಗ ಬಡಿ. ಸಮುದ್ರ ಎಲ್ಲಿಗೆ ಹೋಗತೈತಿ?"

ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ನಿಜ. ಹೋಗುವುದು ಕಾರು. ಮರುದಿನ ಬೆಳಕು ಹರಿಯುವ ಮೊದಲೇ ಊರಿನ ದಾರಿ ಹಿಡಿಯುವುದೆಂದು ದಸ್ತಗೀರಸಾಬ್‌ಗೆ ಆಗಲೇ ಅಪ್ಪಣೆಯಾಗಿತ್ತು. ರೊಟ್ಟಿ, ಮುಸುರೆ, ದಾರಿಯ ಬುತ್ತಿಯ ರೊಟ್ಟಿ, ಮತ್ತೆ ರಾತ್ರಿಯ ರೊಟ್ಟಿ. ಹಂಪಮ್ಮನಿಗೆ ಆ ಸಂಜೆ ಬಿಟ್ಟರೆ ಬೇರೆ ಸಂಜೆ ಇರಲಿಲ್ಲ, ಮತ್ತು ಆ ಸಂಜೆಯನ್ನೆಲ್ಲ ಹಿಟ್ಟಿನ ಚೀಲ ತುಂಬಿಕೊಂಡಿತ್ತು. ಅವಳು ಸ್ಟೌಗೆ ಗಾಳಿ ಹಾಕಲು ಕುಳಿತಳು.

ಇಲ್ಲಿ ಲಿಂಗದ ಮಾತು ಹೇಳಬೇಕು. ನಮ್ಮಲ್ಲಿ ಗಂಡು ಹೆಣ್ಣು ಎಲ್ಲರ ಕೊರಳಲ್ಲೂ ಲಿಂಗ ಇರುತ್ತದೆ, ಅದು ಮೈ ಬಿಟ್ಟು ಅಗಲಬಾರದು. ಅಗಲಿದರೆ ಅದು ಸಿಗುವವರೆಗೆ, ಇಲ್ಲವೆ ಗುರುಗಳು ಬೇರೆ ಲಿಂಗ ಕಟ್ಟುವವರೆಗೆ ಬಾಯಿಗೆ ಅನ್ನವಿಲ್ಲ. ಆ ಮನೆಯ ಹೆಂಗಸರ ಲಿಂಗ ಅರಿವೆಯಲ್ಲಿ ಸುತ್ತಿ ಗಂಟು ಹಾಕಿದ್ದು, ಎಷ್ಟು ಬಗ್ಗಿ ಎದ್ದರೂ ಬೀಳದಂಥದ್ದು. ದೊಡ್ಡಬಸಪ್ಪನದು ಮುಷ್ಟಿಗಾತ್ರದ ಬೆಳ್ಳಿ ಕರಡಿಗೆಯಲ್ಲಿತ್ತು. ದಾರ ಸವೆದಿದೆ, ಬದಲಿಸಿಕೊಳ್ಳಿ ಎಂದು ಹೆಂಡತಿ ಊರಲ್ಲೇ ಹೇಳಿದ್ದಳು. "ಮದುವೆಗೆ ಬಂದವರು ಬೆಳ್ಳಿ ನೋಡ್ತಾರ, ದಾರ ಯಾರು ನೋಡ್ತಾರ?" ಎಂದಿದ್ದ.

ದಾರವನ್ನು ಸಮುದ್ರ ನೋಡಿತು. ಜಳಕಕ್ಕೆಂದು ಮೊಣಕಾಲು ನೀರಿನಲ್ಲಿ ಕುಳಿತು ಮೂಗು ಹಿಡಿದು ಮುಳುಗಿ ಎದ್ದವನ ಎದೆ ಬರಿದಾಗಿತ್ತು.

ಅವನ ಕೂಗಿಗೆ ವರಾಂಡದಲ್ಲಿದ್ದವರೆಲ್ಲ ಎದ್ದು ನಿಂತರು. ಯಾರೋ ಮುಳುಗಿದರು ಎಂದುಕೊಂಡು ಲಾಡ್ಜಿನವರು ಹಗ್ಗ ತಂದರು. ಚಂದ್ರಣ್ಣ, ದಸ್ತಗೀರಸಾಬ್, ಗುರುಬಸಮ್ಮ ನೀರಿಗಿಳಿದು ತಡಕಾಡಿದರು. ದೊಡ್ಡಬಸಪ್ಪ ಒದ್ದೆ ಪಂಚೆಯಲ್ಲೇ ಮರಳ ಮೇಲೆ ಕುಳಿತುಬಿಟ್ಟ. ಈ ಗುಜರಾತಿನಲ್ಲಿ ಯಾವ ಗುರು, ಯಾವ ಜಂಗಮ? ಊರು ಮುಟ್ಟುವವರೆಗೆ ಉಪವಾಸ. ಯಜಮಾನ ಉಣ್ಣದಿದ್ದರೆ ಮನೆಯವರೂ ಉಣ್ಣುವಂತಿಲ್ಲ. ಅವನು ಹಿಂದಿನ ಗೋಡೆಯ ಕಡೆ ತಿರುಗಿ ಕೂಗಿದ. "ಯಕ್ಕಾ! ಸ್ಟೌ ಆರಸು! ನೀನೂ ಬಾ, ಹುಡುಕು ಬಾ!"

ಹಂಪಮ್ಮ ಗೋಡೆ ದಾಟಿ ಬಂದಳು.

ಮೊದಲು ಅವಳು ನಿಂತು ನೋಡಿದಳಂತೆ. ತಮ್ಮ ಮತ್ತೆ ಕೂಗಿದ ಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಇಳಿದಳು. ಒಂದು ಅಲೆ ಬಂತು, ಹಿಂದಕ್ಕೆ ಹೋಯಿತು. ಬೆರಳ ಸಂದಿಯಿಂದ, ಹಿಮ್ಮಡಿಯ ಕೆಳಗಿನಿಂದ ಉಸುಕು ಜಾರತೊಡಗಿತು. ಅವಳು ನಿಂತಲ್ಲೇ ನಿಂತಿದ್ದಳು. ನೆಲ ಹೊರಟಿತು.

"ಖರೇ ಹೇಳ್ಯಾರ" ಎಂದಳು. ಹತ್ತಿರದಲ್ಲಿದ್ದ ಗುರುಬಸಮ್ಮನಿಗೆ ಅದು ಯಾರ ಮಾತೆಂದು ಆಗ ತಿಳಿಯಲಿಲ್ಲ.

ಆಮೇಲೆ ಹಂಪಮ್ಮ ಹುಡುಕಿದಳು. ಬಗ್ಗಿ, ಎರಡೂ ಕೈಯಿಂದ ತಳ ಸವರುತ್ತ, ಪ್ರತಿ ಅಲೆಗೂ ಎದ್ದು ನಿಂತು, ಅದು ಹೋಗುವವರೆಗೆ ಕಣ್ಣು ಮುಚ್ಚಿ, ಮತ್ತೆ ಬಗ್ಗಿ. ಗಂಡಸರು ಸುಸ್ತಾಗಿ ದಂಡೆಗೆ ಹೋದರು. ದೊಡ್ಡಬಸಪ್ಪ ಶಿವಶಿವಾ ಎನ್ನುತ್ತ ತಲೆ ಮೇಲೆ ಕೈ ಹೊತ್ತಿದ್ದ. ಅವಳ ಮುಖ ಮಾತ್ರ, ಗುರುಬಸಮ್ಮನ ಮಾತಿನಲ್ಲೇ ಹೇಳುವುದಾದರೆ, "ಮದಲಗಿತ್ತಿ ಮುಖ ಇದ್ದಂಗ" ಇತ್ತು. ಅದನ್ನು ಮರೆಮಾಡಲು ಸಮುದ್ರದ ಕಡೆಗೇ ತಿರುಗಿಕೊಂಡಿದ್ದಳು.

ಹೊತ್ತು ಇಳಿಯುವಾಗ ಅವಳು ಒಮ್ಮೆ ಬಗ್ಗಿದವಳು ಬೇಗ ಏಳಲಿಲ್ಲ. ಎದ್ದಾಗ ಸೆರಗಿನ ತುದಿಯನ್ನು ಸುತ್ತಿ ಗಂಟು ಹಾಕುತ್ತಿದ್ದಳು. ಗಂಟನ್ನು ನಡುವಿಗೆ ಸಿಕ್ಕಿಸಿದಳು. ಗುರುಬಸಮ್ಮ ನೀರು ತಳ್ಳಿಕೊಂಡು ಹತ್ತಿರ ಬಂದಳು.

"ಯಕ್ಕಾ, ಸಿಕ್ತೇನು?"

"ಸಿಕ್ಕೈತಿ."

"ಮತ್ತ? ಬಾ, ಕೊಡೋಣು!"

ಹಂಪಮ್ಮ ಅಲುಗಲಿಲ್ಲ. ಸಿಕ್ಕಿತೆಂದರೆ ಪೂಜೆ, ಪೂಜೆಯಾದರೆ ಊಟ, ಊಟವೆಂದರೆ ಗೋಡೆಯ ಹಿಂದಿನ ಸ್ಟೌ. ಅವಳು ತಮ್ಮನ ಕಡೆ ನೋಡಿದಳು, ಸೂರ್ಯನ ಕಡೆ ನೋಡಿದಳು.

"ಇನ್ನೊಂದೀಟು ಹುಡುಕ್ತೀನಿ ಗುರುಬಸೀ" ಎಂದಳು.

ಗುರುಬಸಮ್ಮ ದಂಡೆಯ ಕಡೆ ತಿರುಗಿ ನೋಡಿದಳು. ದಂಡೆಯಲ್ಲಿ ಹಸಿದು ಕುಳಿತವನು ಅವಳ ಗಂಡ. ಅಕ್ಕ ಸೆರಗಿಗೆ ಕಟ್ಟಿಕೊಂಡದ್ದು ಅವನ ಇಷ್ಟಲಿಂಗ. ಕೂಗಬಹುದಿತ್ತು, ಒಂದೇ ಕೂಗು. ಹಂಪಮ್ಮನೂ ಅವಳನ್ನು ತಡೆಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅಷ್ಟರಲ್ಲಿ ಒಂದು ದೊಡ್ಡ ಅಲೆ ಬಂದು ಇಬ್ಬರನ್ನೂ ತೊಡೆಯವರೆಗೆ ನೆನೆಸಿ, ಹಿಂದಕ್ಕೆ ಹೋಗುತ್ತ ಇಬ್ಬರ ಕಾಲಡಿಯ ಉಸುಕನ್ನೂ ಎಳೆಯಿತು. ಗುರುಬಸಮ್ಮ ಓಲಾಡಿ ಅಕ್ಕನ ತೋಳು ಹಿಡಿದಳು. "ಎವ್ವಾ, ನೆಲಾನ ಹೊಂಟೈತೆಲ್ಲ!"

"ಹೂಂ" ಎಂದಳು ಹಂಪಮ್ಮ. "ನಾ ಕುಡದಿಲ್ಲ, ನೀನೂ ಕುಡದಿಲ್ಲ."

ದಂಡೆಯಿಂದ ಕೂಗು ಬಂತು. "ಸಿಕ್ತೇನ್ರೇ?"

"ಇನ್ನಾ ಹುಡುಕಾಕ ಹತ್ತೀವ್ರಿ!" ಎಂದು ಕೂಗಿದವಳು ಗುರುಬಸಮ್ಮ.

ಸೆರಗಿನ ಗಂಟಿನಲ್ಲಿದ್ದ ಲಿಂಗವನ್ನು ಇಬ್ಬರು ಹೆಂಗಸರು ಸೂರ್ಯ ಮುಳುಗುವವರೆಗೂ ಸಮುದ್ರದಲ್ಲಿ ಹುಡುಕಿದರು. ಕೈ ಹಿಡಿದುಕೊಂಡು ಹುಡುಕಿದರು. ನೀರು ಕೆಂಪಾಯಿತು, ಬೂದಿಯ ಬಣ್ಣಕ್ಕೆ ತಿರುಗಿತು. ಕೊನೆಗೆ ಹಂಪಮ್ಮನೇ, "ಸಾಕು ನಡಿ. ಹಸದಾನ, ಪಾಪ" ಎಂದಳು. ಆ "ಪಾಪ" ಎಂಬ ಮಾತನ್ನು ಅವಳ ಬಗ್ಗೆ ಆ ಮನೆಯಲ್ಲಿ ಯಾರೂ ಆಡಿರಲಿಲ್ಲ. ಆಡಿದವಳು ಅವಳೇ, ಅವನ ಬಗ್ಗೆ.

ಕರಡಿಗೆ ಕೈಗೆ ಬಿದ್ದಾಗ ದೊಡ್ಡಬಸಪ್ಪ ಅತ್ತುಬಿಟ್ಟ. ಪೂಜೆ ಮಾಡಿದ, ಉಂಡ. ಹಂಪಮ್ಮ ಒದ್ದೆ ಸೀರೆಯಲ್ಲೇ ರೊಟ್ಟಿ ಬಡಿದಳು. ಬೆಳಿಗ್ಗೆ ಕಾರು ಹಿಂದಿನ ದಾರಿಯಿಂದಲೇ ಹೊರಟಿತು.

ಸಿರುಗುಪ್ಪ ತಲುಪಿದ ಮೇಲೆ ಏನಾಯಿತೆಂದು ಕೇಳಿ. ಸಮುದ್ರರಾಜ ದೊಡ್ಡಬಸಪ್ಪನ ಭಕ್ತಿಯನ್ನು ಪರೀಕ್ಷಿಸಿ ಲಿಂಗವನ್ನು ತಾನಾಗಿ ಮರಳಿಸಿದ ಎಂದಾಯಿತು. "ಅಲೆ ತಂದು ಕಾಲಿಗೆ ಮುಟ್ಟಿಸಿತು" ಎಂದಾಯಿತು. ಒಬ್ಬ ಸ್ವಾಮಿಗಳು ಶಾಲು ಹೊದಿಸಿದರು. ಪಡಸಾಲೆಯಲ್ಲಿ ಒಣಗುತ್ತಿರುವ ಹಾರಗಳಲ್ಲಿ ಒಂದು ಅದರದು. ಹುಡುಕಿದವಳ ಹೆಸರು ಮೊದಲ ಸಲವೇ ಕತೆಯಿಂದ ಬಿದ್ದುಹೋಯಿತು. ನಮ್ಮ ಪವಾಡಗಳೆಲ್ಲ ಹೀಗೇ ಹುಟ್ಟುತ್ತವೆ ಎಂದು ನನಗೆ ಗುಮಾನಿ. ಯಾರೋ ಹೆಂಗಸು ಬಗ್ಗಿ ಎತ್ತಿಕೊಟ್ಟಿರುತ್ತಾಳೆ, ಶಾಲು ಮಾತ್ರ ಹಸಿದು ಕುಳಿತವನಿಗೆ.

ಈ ಸುಳ್ಳಿಗೆ ಹಂಪಮ್ಮನಿಗೆ ಕೋಪ ಬಂದೀತೆಂದು ಗುರುಬಸಮ್ಮ ಕಾದಳು. ಬರಲಿಲ್ಲ. ಬದಲಿಗೆ ಪಡಸಾಲೆಯಲ್ಲಿ ತಮ್ಮ ಆ ಕತೆ ಎತ್ತಿದೊಡನೆ ಅವಳು ಒಲೆ ಬಿಟ್ಟು ಬಂದು ಬಾಗಿಲ ಮರೆಯಲ್ಲಿ ನಿಲ್ಲತೊಡಗಿದಳು. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಆ ಮನೆಯಲ್ಲಿ ಸಮುದ್ರದ ಮಾತು ಬರುತ್ತಿದ್ದುದು ಆಗ ಮಾತ್ರ. ಸುಳ್ಳಾದರೆ ಸುಳ್ಳು, ಅದರಲ್ಲಿ ಅಲೆ ಇತ್ತು. ಒಮ್ಮೆ ನೋಡಿದರೆ ಆಸೆ ತೀರುತ್ತದೆ ಎನ್ನುವವರು ಬಹುಶಃ ಏನನ್ನೂ ಆಸೆಪಟ್ಟವರಲ್ಲ. ಹಂಪಮ್ಮನಿಗೆ ನೋಡಿದ ಮೇಲೆಯೇ ಹೆಚ್ಚಾಯಿತು. ಮೊದಲು ಕೇಳಿದ್ದಕ್ಕೆ ಹಂಬಲಿಸುತ್ತಿದ್ದಳು, ಈಗ ಕಾಲಿಗೆ ಗೊತ್ತಿದ್ದುದಕ್ಕೆ. ಗುಂತಕಲ್ಲಿಗೆ ಹೋದರೆ ಮದ್ರಾಸಿಗೆ ಒಂದು ರಾತ್ರಿಯ ರೈಲು. ಆ ರಾತ್ರಿಯನ್ನು ಅವಳಿಗೆ ಯಾರೂ ಕೊಡಲಿಲ್ಲ. ಗೋಕರ್ಣಕ್ಕೆ ಮನೆಯವರು ಹೋದ ವರ್ಷ, ಹತ್ತಿರದ ಊರು, ಬುತ್ತಿ ಸಾಕು ಎಂದು ಅವಳನ್ನು ಬಿಟ್ಟೇ ಹೋದರು.

ವರ್ಷಗಳು ಕಳೆದಂತೆ ದೊಡ್ಡಬಸಪ್ಪನಿಗೆ ಕತೆ ಬೇಸರವಾಯಿತು. ಗಿರಣಿಯ ವ್ಯಾಜ್ಯ, ಸಕ್ಕರೆ ಕಾಯಿಲೆ. ಹೇಳುವುದನ್ನು ಮೊಟಕು ಮಾಡುತ್ತ ಬಂದ. ಎಂಬತ್ತನಾಲ್ಕರಲ್ಲಿ ಚಂದ್ರಣ್ಣನಿಗೆ ಹೆಣ್ಣು ಕೊಡುವ ಬೀಗರು ಬಳ್ಳಾರಿಯ ಕಂಟೋನ್ಮೆಂಟಿನಿಂದ ಬಂದು ಕುಳಿತಿದ್ದರು. ಅವರು ಲಿಂಗದ ಕತೆ ಕೇಳಿದ್ದಕ್ಕೆ, "ಹೂಂ, ಮುಳುಗಿ ಏಳೂದ್ರಾಗ ಲಿಂಗ ಹೋತು, ಸಂಜಿಕ ಸಿಕ್ತು, ಅಷ್ಟ ರೀ" ಎಂದು ಮುಗಿಸಿಬಿಟ್ಟ.

ಬಾಗಿಲ ಮರೆಯಿಂದ ದನಿ ಬಂತು. "ಅಲೆ ಹೆಂಗ ಬರ್ತಿತ್ತು ಹೇಳಲೇ ಇಲ್ಲಲ್ಲ ತಮ್ಮಾ."

ದೊಡ್ಡಬಸಪ್ಪ ಬಾಗಿಲ ಕಡೆ ತಿರುಗಿದ. ಸಿಟ್ಟೋ, ದಣಿವೋ, "ನನಗೆಲ್ಲಿ ನೆನಪೈತಿ ಯಕ್ಕಾ, ನಾ ತೆಲಿ ಹಿಡಕೊಂಡು ಕುಂತಿದ್ದೆ. ನೀರಾಗ ನೀ ಇದ್ದಿ. ನೀನೇ ಹೇಳು" ಎಂದ.

ಹಂಪಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬೀಗರ ಮುಂದೆ ಹೀಗೆ ಬಂದು ನಿಂತದ್ದು ಅದೇ ಮೊದಲು. ಹೇಳತೊಡಗಿದಳು. ದೂರದಲ್ಲಿ ಅದು ಗೆರೆಯ ಹಾಗೆ ಏಳುವುದನ್ನು ಹೇಳಿದಳು. ಹತ್ತಿರ ಬರುತ್ತ ಹೊಟ್ಟೆಯಲ್ಲಿ ಹಸಿರಾಗುವುದನ್ನು, ಮುರಿಯುವ ಮೊದಲು ಒಂದು ಗಳಿಗೆ ಸದ್ದಿಲ್ಲದೆ ನಿಲ್ಲುವುದನ್ನು, ಹೋಗುವಾಗ ಒಂದೊಂದೇ ಬೆರಳಿನ ಅಡಿಯಿಂದ ಉಸುಕನ್ನು ಬಿಡಿಸಿಕೊಂಡು ಹೋಗುವುದನ್ನು ಹೇಳಿದಳು. ಹಿಟ್ಟು ಒಣಗಿ ಅವಳ ಬೆರಳುಗಳಿಂದ ಉದುರುತ್ತಿತ್ತು. ಗುರುಬಸಮ್ಮ ಒಳಗಿನಿಂದ ಬಂದು ಪಕ್ಕದಲ್ಲಿ ನಿಂತಳು.

ಬೀಗರ ಹಿರಿಯರು ತಡೆಯಲಾರದೆ ಕೇಳಿದರು. "ಅದೆಲ್ಲಾ ಸರಿಯವ್ವಾ, ಲಿಂಗ ಹೆಂಗ ಸಿಕ್ತು?"

"ಅದೂ ಸಿಕ್ತು" ಎಂದು ಹಂಪಮ್ಮ ಮುಂದಿನ ಅಲೆಗೆ ಹೋದಳು.